ಪೇಚ್: ಹಿಂದಿನವರ ಕಲ್ಲಿನಲ್ಲಿ ಕಟ್ಟಿದ ಊರು

ಬುಡಾಪೆಸ್ಟ್‌ನಿಂದ ದಕ್ಷಿಣಕ್ಕೆ ಸುಮಾರು 200 ಕಿ.ಮೀ. ಹೋದರೆ ಮೆಚೆಕ್ ಬೆಟ್ಟಗಳ ತಪ್ಪಲಲ್ಲಿ ಪೇಚ್ ಸಿಗುತ್ತದೆ. ರೋಮನ್ನರು, ಹಂಗರಿಯ ಬಿಷಪ್ಪರು, ಆಟೊಮನ್ ತುರ್ಕರು, ಆಮೇಲೆ ಪಿಂಗಾಣಿ ಕಾರ್ಖಾನೆಯ ಧಣಿಗಳು ಹೀಗೆ ಬಂದವರೆಲ್ಲ ಇಲ್ಲಿ ಏನಾದರೊಂದು ಕಟ್ಟಿದರು. ಹಿಂದಿನವರು ಕಟ್ಟಿದ್ದನ್ನು ಪೂರ್ತಿ ಅಳಿಸಲು ಮಾತ್ರ ಯಾರಿಗೂ ಆಗಲಿಲ್ಲ. ಹಳೆಯ ಊರು ಚಿಕ್ಕದು. ಕೈಯಲ್ಲೊಂದು ನಕ್ಷೆ, ಕಾಲಿಗೆ ಗಟ್ಟಿ ಚಪ್ಪಲಿಯೋ ಬೂಟೋ ಇದ್ದರೆ ಗೈಡ್ ಇಲ್ಲದೆಯೇ ಒಂದು ದಿನದಲ್ಲಿ ಸುತ್ತಬಹುದು.

ಸೇಚೆನಿ ಚೌಕದ ತಗ್ಗಿನ ತುದಿಯಿಂದ ಹೊರಡುವುದು ಒಳ್ಳೆಯದು. ಅಲ್ಲಿ 1930ರಲ್ಲಿ ಅನಾವರಣಗೊಂಡ ಜೊಲ್ನಾಯ್ ಕಾರಂಜಿ ಇದೆ. ಅದರ ಎತ್ತಿನ ತಲೆಗಳ ಬಾಯಿಂದ ನೀರು ಸುರಿಯುತ್ತದೆ. ಹತ್ತಿರ ಹೋಗಿ ಆ ತಲೆಗಳನ್ನೇ ಸ್ವಲ್ಪ ಹೊತ್ತು ನೋಡಿ. ಒಂದು ಕಡೆಯಿಂದ ಹಸಿರು ಕಾಣುವ ಮೆರುಗು ಎರಡು ಹೆಜ್ಜೆ ಸರಿದರೆ ನೀಲಿಗೆ ತಿರುಗುತ್ತದೆ, ಬಿಸಿಲು ಬಿದ್ದಲ್ಲಿ ಹೊನ್ನಿನ ಬಣ್ಣ ತಾಳುತ್ತದೆ, ಥೇಟ್ ನವಿಲಿನ ಕತ್ತಿನಂತೆ. ಇದರ ಹೆಸರು ಇಯೊಸಿನ್. ಊರಿನ ಪಿಂಗಾಣಿ ಕಾರ್ಖಾನೆಯ ಧಣಿ ವಿಲ್ಮೋಶ್ ಜೊಲ್ನಾಯ್ ರಸಾಯನಶಾಸ್ತ್ರಜ್ಞ ವಿನ್ಸ್ ವಾರ್ಥಾ ಅವರೊಡನೆ ಕೂಡಿ 1890ರ ದಶಕದಲ್ಲಿ ಇದನ್ನು ಸಾಧಿಸಿದರು. ಲೋಹದ ಲವಣಗಳು ಬೆರೆತ ಮೆರುಗನ್ನು ಆವಿಗೆಯಲ್ಲಿ ಆಮ್ಲಜನಕ ಕಡಿಮೆಯಿರುವ ಹೊಗೆಯಲ್ಲಿ ಸುಟ್ಟಾಗ ಮೇಲ್ಮೈಯಲ್ಲಿ ಲೋಹದ ತೆಳುಪದರ ಮೂಡುತ್ತದೆ. ಬೆಳಕು ಅದರ ಮೇಲೆ ಬಿದ್ದಂತೆಲ್ಲ ಬಣ್ಣ ಬದಲಾಗುತ್ತದೆ.

1853ರಲ್ಲಿ ಶುರುವಾದ ಈ ಕಾರ್ಖಾನೆಯ ಇನ್ನೊಂದು ಹೆಮ್ಮೆ ಪೈರೊಗ್ರಾನೈಟ್. ಮಂಜು ಕೊರೆದರೂ ಬಿರಿಯದ ಗಟ್ಟಿ ಸುಟ್ಟ ಮಣ್ಣು ಅದು. ಬುಡಾಪೆಸ್ಟ್‌ನ ಮಥಾಯಸ್ ಚರ್ಚಿನ ಚಾವಣಿಯಲ್ಲಿ ಮಿನುಗುವ ಬಣ್ಣದ ಹೆಂಚುಗಳು ಪೇಚ್‌ನಲ್ಲಿ ತಯಾರಾದವು. ರಾಜಧಾನಿಯ ಅಂದ ಹೊಗಳುವವರು ಆ ಹೆಂಚು ಸುಟ್ಟ ಊರನ್ನೂ ಒಮ್ಮೆ ನೋಡಬೇಕೆಂಬುದು ನನ್ನ ಹಟ.

ಚೌಕದ ಏರು ಹತ್ತಿದರೆ ಎದುರಿಗೆ ಗಾಜಿ ಕಾಸಿಂ ಪಾಶಾ ಮಸೀದಿ. ಈಗ ಅದು ಕ್ಯಾಥೊಲಿಕ್ ಚರ್ಚು. ಗುಮ್ಮಟದ ತುದಿಯಲ್ಲಿ ಅರ್ಧಚಂದ್ರವೂ ಇದೆ, ಶಿಲುಬೆಯೂ ಇದೆ. ತುರ್ಕರು 1543ರಲ್ಲಿ ಊರು ಹಿಡಿದು, ಸಂತ ಬಾರ್ತಲೋಮಿಯನ ಹಳೆಯ ಚರ್ಚಿನ ಕಲ್ಲುಗಳನ್ನೇ ತೆಗೆದು ಇದನ್ನು ಕಟ್ಟಿಸಿದರು. 1686ರಲ್ಲಿ ತುರ್ಕರು ಊರು ಬಿಟ್ಟ ಮೇಲೆ ಕಟ್ಟಡ ಮತ್ತೆ ಕ್ರೈಸ್ತರ ಕೈಗೆ ಬಂತು. ಹದಿನೆಂಟನೇ ಶತಮಾನದಲ್ಲಿ ಮಿನಾರು ಉರುಳಿತು. ಇಪ್ಪತ್ತನೇ ಶತಮಾನದಲ್ಲಿ ಹಿಂಬದಿಗೆ ಅರ್ಧವೃತ್ತಾಕಾರದ ಹೊಸ ಭಾಗ ಸೇರಿತು. ಒಳಗೆ ಹೋದರೆ ಮೆಕ್ಕಾದ ದಿಕ್ಕು ತೋರುವ ಮಿಹ್ರಾಬ್ ಗೋಡೆಯಲ್ಲಿ ಹಾಗೇ ಉಳಿದಿದೆ. ಅದೇ ಚಾವಣಿಯ ಕೆಳಗೆ ಈಗ ಕ್ರೈಸ್ತರ ಪೂಜೆ ನಡೆಯುತ್ತದೆ. ಒಬ್ಬರ ಗುಡಿ ಒಡೆದು ಇನ್ನೊಬ್ಬರು ಕಟ್ಟಿದ ನೋವು ಈ ಗೋಡೆಗಳಲ್ಲಿದೆ. ಅದನ್ನು ಮುಚ್ಚಿಡದೆ ಊರು ಕಾಪಾಡಿಕೊಂಡಿದೆ ಎಂಬುದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಇಲ್ಲಿಂದ ಪಶ್ಚಿಮಕ್ಕೆ ಯಾನುಸ್ ಪನೋನಿಯುಸ್ ಬೀದಿ. ಪ್ರೇಮಿಗಳು 1980ರ ದಶಕದಿಂದ ಬೀಗ ಜಡಿಯುತ್ತ ಬಂದ ಕಬ್ಬಿಣದ ಬೇಲಿ ದಾರಿಯಲ್ಲೇ ಸಿಗುತ್ತದೆ. ಬೀದಿಗೆ ಹೆಸರಿತ್ತ ಯಾನುಸ್ ಹದಿನೈದನೇ ಶತಮಾನದಲ್ಲಿ ಇಲ್ಲಿನ ಬಿಷಪ್ ಆಗಿದ್ದವನು, ಲ್ಯಾಟಿನ್ ಭಾಷೆಯ ಕವಿ. ಚಳಿಗಾಲದಲ್ಲೇ ಹೂಬಿಟ್ಟ ಬಾದಾಮಿ ಮರದ ಮೇಲೆ ಅವನು ಬರೆದ ಕವಿತೆ ಹಂಗರಿಯಲ್ಲಿ ಹೆಸರುವಾಸಿ. ರಾಜ ಮಥಾಯಸ್‌ನ ವಿರುದ್ಧ ಸಂಚಿನಲ್ಲಿ ಸೇರಿ, ಓಡಿಹೋಗುತ್ತ 1472ರಲ್ಲಿ ತೀರಿಕೊಂಡ.

ಬೀದಿ ಮುಗಿದಲ್ಲಿ ನಾಲ್ಕು ಗೋಪುರಗಳ ಕೆಥೆಡ್ರಲ್ ಎದ್ದು ಕಾಣುತ್ತದೆ. ಇಲ್ಲಿನ ಬಿಷಪ್ ಪೀಠ 1009ರದು. ಆದರೆ ಇಂದು ಕಾಣುವ ರೂಪ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಂದದ್ದು. ಹಂಗರಿಯ ಮೊದಲ ವಿಶ್ವವಿದ್ಯಾಲಯ 1367ರಲ್ಲಿ ಹುಟ್ಟಿದ್ದೂ ಇದೇ ಊರಿನಲ್ಲಿ. ಕೆಥೆಡ್ರಲ್ ಒಳಗೆ ಬೇಗ ಒಂದು ಸುತ್ತು ಹಾಕಿ ಬನ್ನಿ, ಸಮಯ ಉಳಿಸಿಕೊಳ್ಳಿ. ನಿಜವಾಗಿ ನಿಂತು ನೋಡಬೇಕಾದದ್ದು ನೆಲದಡಿಯಲ್ಲಿದೆ.

ರೋಮನ್ನರ ಕಾಲದಲ್ಲಿ ಪೇಚ್ ಸೋಪಿಯಾನೆ ಎಂಬ ನಗರವಾಗಿತ್ತು. ನಾಲ್ಕನೇ ಶತಮಾನದ ಕ್ರೈಸ್ತರು ಸತ್ತವರನ್ನು ನೆಲದಡಿಯ ಕೋಣೆಯಲ್ಲಿಟ್ಟು, ಅದರ ನೆತ್ತಿಯ ಮೇಲೆ ಪುಟ್ಟ ಪ್ರಾರ್ಥನಾ ಮಂದಿರ ಕಟ್ಟುತ್ತಿದ್ದರು. ಕೆಳಗೆ ಸಮಾಧಿ, ಮೇಲೆ ಪ್ರಾರ್ಥನೆ. ಈ ಸ್ಮಶಾನಕ್ಕೆ 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಸ್ಥಾನ ಸಿಕ್ಕಿತು. ಟಿಕೆಟ್ ಕೊಂಡು ಮೆಟ್ಟಿಲಿಳಿದರೆ ತಂಪು, ಮಂದ ಬೆಳಕು, ಮಣ್ಣಿನ ವಾಸನೆ. 1782ರಲ್ಲಿ ಪತ್ತೆಯಾದ ಕೋಣೆಯೊಂದರ ಗೋಡೆಚಿತ್ರದಲ್ಲಿ ಸಂತರಾದ ಪೀಟರ್ ಮತ್ತು ಪಾಲ್ ಇಬ್ಬರೂ ಕ್ರಿಸ್ತನ ಚಿಹ್ನೆಯ ಕಡೆ ಕೈಚಾಚಿ ನಿಂತಿದ್ದಾರೆ. ಇನ್ನೊಂದು ಕೋಣೆಯ ಗೂಡಿನಲ್ಲಿ ಒಂದು ಹೂಜಿ ಮತ್ತು ಲೋಟದ ಚಿತ್ರವಿದೆ. ಸಂತರ ಚಿತ್ರಕ್ಕಿಂತ ಹೆಚ್ಚಾಗಿ ನನ್ನನ್ನು ತಡೆದು ನಿಲ್ಲಿಸುವುದು ಈ ಹೂಜಿ. ಸತ್ತವರಿಗೂ ಬಾಯಾರಿಕೆ ಆದೀತೆಂದು ನೆನೆದ ಮನೆಯವರ ಅಕ್ಕರೆ ಅದರಲ್ಲಿ ಕಾಣುತ್ತದೆ. ಪಕ್ಕದಲ್ಲೇ ಏಳು ಅರ್ಧವೃತ್ತಗಳ ದೊಡ್ಡ ಕಟ್ಟಡದ ಬುನಾದಿ ಇದೆ. ಕಟ್ಟಡ ಮುಗಿಯಲೇ ಇಲ್ಲ ಎಂಬುದು ವಿದ್ವಾಂಸರ ಅಂದಾಜು.

ಮೇಲೆ ಬಂದು ಕಾಪ್ತಲನ್ ಬೀದಿಗೆ ಹೊರಳಿದರೆ ಜೊಲ್ನಾಯ್ ವಸ್ತುಸಂಗ್ರಹಾಲಯ ಮತ್ತು ಇದೇ ಊರಿನಲ್ಲಿ 1906ರಲ್ಲಿ ಹುಟ್ಟಿದ ಕಲಾವಿದ ವಿಕ್ಟರ್ ವಸರೇಲಿಯ ಸಂಗ್ರಹ ಇವೆ. ಎರಡಕ್ಕೂ ಸಮಯ ಸಾಲದಿದ್ದರೆ ಜೊಲ್ನಾಯ್ ಆರಿಸಿಕೊಳ್ಳಿ.

ಕೊನೆಯ ನಿಲುಗಡೆಗೆ ಇಳಿಜಾರಿನಲ್ಲಿ ನೈಋತ್ಯಕ್ಕೆ ನಡೆಯಬೇಕು. ಯಾಕೋವಾಲಿ ಹಸನ್ ಪಾಶಾ ಮಸೀದಿ ಚಿಕ್ಕದು, ಆದರೆ ಅದರ ಮಿನಾರು ಇನ್ನೂ ಜೊತೆಗೇ ನಿಂತಿದೆ. ಎಗೆರ್ ಊರಿನಲ್ಲಿ ಮಿನಾರು ಉಳಿಯಿತು, ಮಸೀದಿ ಹೋಯಿತು. ಇಲ್ಲಿ ಎರಡೂ ಉಳಿದಿವೆ. ಒಂದು ಕಾಲದಲ್ಲಿ ಪಕ್ಕದಲ್ಲೇ ಮೆವ್ಲೆವಿ ದರವೇಶಿಗಳ ಮಠವಿತ್ತು. ಮರುದಿನವೂ ಊರಲ್ಲಿ ಇರುವವರು ಪೂರ್ವಕ್ಕಿರುವ ಹಳೆಯ ಕಾರ್ಖಾನೆಯ ಆವರಣಕ್ಕೆ ಹೋಗಿ. ಈಗ ಅದು ಸಂಗ್ರಹಾಲಯಗಳೂ ಸಭಾಂಗಣಗಳೂ ಇರುವ ಜೊಲ್ನಾಯ್ ಸಾಂಸ್ಕೃತಿಕ ಬಡಾವಣೆ. ಸೋಮವಾರ ಮಾತ್ರ ಬೇಡ. ಆ ದಿನ ಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಬಾಗಿಲು ಹಾಕಿರುತ್ತದೆ.