ದೂರವಿದ್ದವರ ದಾಂಪತ್ಯದಲ್ಲಿ ಸಂಶಯದ ಬೇಗೆ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆಗೆ ಹೋದವರಿಗೆ ಒಂದು ಸಂಗತಿ ಬೇಗನೆ ಗಮನಕ್ಕೆ ಬರುತ್ತದೆ. ಅನೇಕ ಮನೆಗಳಲ್ಲಿ ದುಡಿಯುವ ಗಂಡಸು ಊರಿನಲ್ಲಿ ಇರುವುದಿಲ್ಲ. ಒಬ್ಬನು ಮುಂಬಯಿಯ ಹೋಟೆಲಿನಲ್ಲಿ, ಇನ್ನೊಬ್ಬನು ಬೆಂಗಳೂರಿನ ಬೇಕರಿಯಲ್ಲಿ, ಮತ್ತೊಬ್ಬನು ಕೊಲ್ಲಿ ರಾಷ್ಟ್ರದಲ್ಲಿ. ಯಕ್ಷಗಾನ ಮೇಳದ ಕಲಾವಿದನಾದರೆ ನವೆಂಬರಿನಿಂದ ಮೇ ತಿಂಗಳವರೆಗೆ ತಿರುಗಾಟ. ರಾತ್ರಿಯೆಲ್ಲ ರಂಗಸ್ಥಳ, ಹಗಲೆಲ್ಲ ನಿದ್ದೆ. ಗಂಗೊಳ್ಳಿಯ ಮೀನುಗಾರನಿಗೆ ದಿನಗಟ್ಟಲೆ ಕಡಲೇ ಮನೆ. ಹೀಗೆ ಅಗಲಿ ಬಾಳುವ ದಂಪತಿಗಳಲ್ಲಿ ಎಷ್ಟೋ ಮಂದಿ ಸುಖವಾಗಿಯೇ ಇದ್ದಾರೆಂಬುದನ್ನು ಮೊದಲೇ ಹೇಳಿಬಿಡಬೇಕು. ಆದರೆ ಕೆಲವು ಮನೆಗಳಲ್ಲಿ ಆ ದೂರದ ನಡುವೆ ಸಂಶಯವು ಬಂದು ಕುಳಿತುಕೊಳ್ಳುತ್ತದೆ.

ಕುಂದಾಪುರದ ಸಮೀಪದ ಪರಿಚಿತರ ಮನೆಯೊಂದರಲ್ಲಿ ನಡೆದುದು ಇದು. ಯಜಮಾನನು ಪರಊರಿನ ಹೋಟೆಲಿನಲ್ಲಿ ದುಡಿಯುವವನು. ರಾತ್ರಿ ಹನ್ನೊಂದರ ಸುಮಾರಿಗೆ ಕೆಲಸ ಮುಗಿಸಿ ಮನೆಗೆ ಕರೆಮಾಡುವುದು ಆತನ ವಾಡಿಕೆ. ಒಂದು ರಾತ್ರಿ ಹೆಂಡತಿಯ ಫೋನು ಬೇರೊಂದು ಕರೆಯಲ್ಲಿತ್ತು. ಆಕೆ ತನ್ನ ತಾಯಿಯೊಡನೆ ಮಾತನಾಡುತ್ತಿದ್ದಳು. ಅಂದು ಕೇಳಿದ “ಯಾರ ಹತ್ರ ಮಾತಾಡ್ತಿದ್ದೆ?” ಎಂಬ ಪ್ರಶ್ನೆ ಮರುದಿನವೂ ಬಂತು, ಮುಂದಿನ ವಾರವೂ ಬಂತು. ಅನಂತರ ವಿಡಿಯೋ ಕರೆಯಲ್ಲಿ ಕೋಣೆಯನ್ನು ಸುತ್ತಲೂ ತೋರಿಸಬೇಕೆಂಬ ಅಪ್ಪಣೆಯಾಯಿತು. ಆಕೆ ತೋರಿಸಿದಳು. ಆಗ ಅಂಗಳವನ್ನೂ ತೋರಿಸೆಂದನು.

ನಮ್ಮ ಭಾಷೆಯಲ್ಲಿ ಒಂದು ವಿಚಿತ್ರವಿದೆ. ಹೆಣ್ಣಿಗೆ ಈ ಭಾವ ಬಂದರೆ ‘ಸವತಿಮಾತ್ಸರ್ಯ’ ಎನ್ನುತ್ತೇವೆ, ನಗುತ್ತೇವೆ. ಗಂಡಿಗೆ ಬಂದರೆ ‘ಸಂಶಯ’ ಎನ್ನುತ್ತೇವೆ. ಏನೋ ಆಧಾರವಿದ್ದೇ ವಿಚಾರಣೆಗೆ ತೊಡಗಿದ್ದಾನೆ ಎಂಬಂತೆ! ಎರಡೂ ಒಂದೇ ಬೇಗೆ. ಮನಶ್ಶಾಸ್ತ್ರಜ್ಞರು ಇದನ್ನು ಸಾಮಾನ್ಯ ಹೊಟ್ಟೆಕಿಚ್ಚಿನಿಂದ ಬೇರೆಯಾಗಿಯೇ ಇಡುತ್ತಾರೆ. ನೆರೆಯವನ ಹೊಸ ಮನೆಯನ್ನು ಕಂಡು ಕರುಬುವಾಗ ಇರುವವರು ಇಬ್ಬರು, ಅಲ್ಲಿರುವುದು ತನ್ನಲ್ಲಿಲ್ಲದ್ದರ ಆಸೆ. ಪ್ರೇಮದ ಮತ್ಸರದಲ್ಲಿ ಮೂವರಿರುತ್ತಾರೆ, ಅಲ್ಲಿರುವುದು ತನ್ನಲ್ಲಿರುವುದು ಕೈಬಿಟ್ಟುಹೋದೀತೆಂಬ ಭಯ. ಆ ಮೂರನೆಯ ವ್ಯಕ್ತಿ ಲೋಕದಲ್ಲಿ ಇಲ್ಲದೆಯೂ ಇರಬಹುದು.

ಬೆಳಗಾವಿ, ಬಾಗಲಕೋಟೆಗಳ ಕಡೆಯ ಓದುಗರು ‘ಶ್ರೀಕೃಷ್ಣ ಪಾರಿಜಾತ’ದ ಆಟವನ್ನು ಕಂಡಿರುತ್ತಾರೆ. ನಾರದನು ತಂದ ಒಂದು ಹೂವು ರುಕ್ಮಿಣಿಯ ಪಾಲಾಯಿತೆಂದು ಸತ್ಯಭಾಮೆ ಮುನಿಯುತ್ತಾಳೆ. ಆಕೆಗೆ ಬೇಕಾದುದು ಹೂವಲ್ಲ. ತನ್ನ ಸ್ಥಾನ ತನಗೇ ಇದೆಯೆಂಬ ಭರವಸೆ. ಈ ಮಟ್ಟದ ಮುನಿಸು ದಾಂಪತ್ಯಕ್ಕೆ ಹಾನಿಯಲ್ಲ. ಇದರ ಇನ್ನೊಂದು ತುದಿಯನ್ನು ಕಾಣಬೇಕಾದರೆ ‘ಶೂರಸೇನ ಚರಿತ್ರೆ’ಯನ್ನು ನೆನೆಯಬೇಕು. ಮೈಸೂರು ಆಸ್ಥಾನದ ಅಭಿನವ ಕಾಳಿದಾಸ ಬಸವಪ್ಪ ಶಾಸ್ತ್ರಿಗಳು (1843–1891) ಷೇಕ್ಸ್‌ಪಿಯರನ ‘ಒಥೆಲೋ’ವನ್ನು ಕನ್ನಡಕ್ಕೆ ಒಗ್ಗಿಸಿಕೊಟ್ಟ ನಾಟಕವದು. ಮೂಲದಲ್ಲಿ ಒಂದು ಕರವಸ್ತ್ರ ಕಳೆದುಹೋದುದು ನಿರಪರಾಧಿ ಹೆಂಡತಿಯ ಪ್ರಾಣಕ್ಕೆ ಎರವಾಗುತ್ತದೆ. ಇಂದು ಕರವಸ್ತ್ರದ ಸ್ಥಾನದಲ್ಲಿ ಫೋನಿನ ಮೇಲೆ ಮೂಡುವ ಎರಡು ನೀಲಿ ಗೆರೆಗಳಿವೆ.

ಸಂಶಯದ ಮನಸ್ಸು ಸಾಕ್ಷ್ಯವನ್ನು ತೂಗಿ ನೋಡುವುದಿಲ್ಲ, ಹೆಕ್ಕಿಕೊಳ್ಳುತ್ತದೆ. ಹೆಂಡತಿ ನಕ್ಕರೆ ‘ಏಕೆ ಇಷ್ಟು ಸಂತೋಷ?’, ಸುಮ್ಮನಿದ್ದರೆ ‘ಏನನ್ನು ಮುಚ್ಚಿಡುತ್ತಿದ್ದಾಳೆ?’ ಪರೀಕ್ಷಿಸಿದೊಡನೆ ಒಂದು ಕ್ಷಣ ಸಮಾಧಾನವಾಗುತ್ತದೆ; ಆ ಸಮಾಧಾನದ ರುಚಿಯೇ ಮತ್ತೆ ಪರೀಕ್ಷಿಸುವಂತೆ ಮಾಡುತ್ತದೆ. ತುರಿಕೆಯನ್ನು ಕೆರೆದಂತೆ. ತೋರಿಸಿದಷ್ಟೂ ಪ್ರಶ್ನೆಗಳು ಹೆಚ್ಚುವುದು ಈ ಕಾರಣದಿಂದಲೇ.

ಇದರ ಬೇರು ಎಲ್ಲಿದೆ? ಅಮೆರಿಕದ ಡೇವಿಡ್ ಬಸ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಯ ದೇಹಸಂಬಂಧದ ದ್ರೋಹವು ಪುರುಷರನ್ನೂ, ಮನಸ್ಸು ಬೇರೆಯವರಿಗೆ ಒಲಿಯುವುದು ಸ್ತ್ರೀಯರನ್ನೂ ಹೆಚ್ಚು ಕದಡುತ್ತದೆಂದು ಕಂಡುಬಂತು. ಪ್ರಶ್ನೆ ಕೇಳುವ ಕ್ರಮವನ್ನು ಬದಲಿಸಿದಾಗ ಆ ಅಂತರವು ಕುಗ್ಗಿತೆಂದು ಬಳಿಕ ಬೇರೆಯವರು ತೋರಿಸಿದರು. ನನಗೆ ಇದಕ್ಕಿಂತ ಸಮೀಪದ್ದಾಗಿ ಕಾಣುವುದು ಹೇಜಾನ್ ಮತ್ತು ಶೇವರ್ ಎಂಬಿಬ್ಬರು 1987ರಲ್ಲಿ ಮುಂದಿಟ್ಟ ವಿಚಾರ. ಮಗು ತಾಯಿಗೆ ಅಂಟಿಕೊಳ್ಳುವ ಬಗೆಗೂ ಬೆಳೆದವರು ಪ್ರೇಮಿಸುವ ಬಗೆಗೂ ಹೋಲಿಕೆಯಿದೆಯೆಂದು ಅವರು ಹೇಳಿದರು. ತನ್ನನ್ನು ಬಿಟ್ಟುಹೋದಾರೆಂಬ ಅಂಜಿಕೆಯನ್ನು ಒಳಗಿಟ್ಟುಕೊಂಡವನಿಗೆ ಎತ್ತದ ಫೋನೂ ಒಂದು ಅಗಲಿಕೆಯೇ. ಸಿಟ್ಟಿನ ಮಾತಿನ ಕೆಳಗೆ ಬಹಳ ಸಲ ಈ ಅಂಜಿಕೆ ಇರುತ್ತದೆ. ಅದನ್ನು ಹೇಳಿಕೊಳ್ಳಲು ನಮ್ಮ ಗಂಡಸರಿಗೆ ನಾವು ಕಲಿಸಿಲ್ಲ.

ಹಾಗೆಂದು ಎಲ್ಲವನ್ನೂ ಪ್ರೀತಿಯ ಲೆಕ್ಕಕ್ಕೆ ಬರೆದುಕೊಳ್ಳಲಾಗದು. ಆಧಾರವೇ ಇಲ್ಲದ ಸಂಶಯವು ಯಾವ ವಿವರಣೆಗೂ ಅಲುಗದೆ ಗಟ್ಟಿಯಾಗಿ ನಿಂತರೆ ಅದು ಕಾಯಿಲೆ. ಟಾಡ್ ಮತ್ತು ಡ್ಯೂಹರ್ಸ್ಟ್ ಎಂಬ ವೈದ್ಯರು 1955ರಲ್ಲಿ ಇದನ್ನು ‘ಒಥೆಲೋ ಸಿಂಡ್ರೋಮ್’ ಎಂದು ಕರೆದರು. ಬಹುಕಾಲದ ಮದ್ಯಪಾನದೊಡನೆ ಇದು ಕಾಣಿಸಿಕೊಳ್ಳುವುದು ವೈದ್ಯರಿಗೆ ತಿಳಿದ ಸಂಗತಿ. ಇಂಥವರ ಕೈಯಿಂದ ಸಂಗಾತಿಗೆ ಪ್ರಾಣಾಪಾಯವೂ ಉಂಟಾಗಬಹುದು. ‘ಹೊಂದಿಕೊಂಡು ಹೋಗು’ ಎಂದು ಹೆಣ್ಣುಮಗಳಿಗೆ ಬುದ್ಧಿ ಹೇಳುವ ಹಿರಿಯರು ಇದನ್ನು ಅರಿತಿರಬೇಕು. ಈ ಕಾಯಿಲೆಗೆ ಚಿಕಿತ್ಸೆಯಿದೆ. ಮಣಿಪಾಲ, ಉಡುಪಿಗಳಲ್ಲಿ ಮನೋವೈದ್ಯರಿದ್ದಾರೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ (14416) ಮನೆಯಿಂದಲೇ ಉಚಿತವಾಗಿ ಕರೆಮಾಡಬಹುದು. ಹೊಡೆತ, ಬೆದರಿಕೆ, ಹೊರಗೆ ಹೋಗದಂತೆ ತಡೆಯುವುದು ಇವು ನಡೆದರೆ ಮಹಿಳಾ ಸಹಾಯವಾಣಿ 181 ಇದೆ; 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯ ರಕ್ಷಣೆಯೂ ಇದೆ.

ಮೇಲೆ ಹೇಳಿದ ಮನೆಯಲ್ಲಿ ವಿಷಯವು ಅಷ್ಟು ದೂರ ಹೋಗಲಿಲ್ಲ. ಒಂದು ರಾತ್ರಿ ಆಕೆ, “ಇನ್ನ್ ಕೋಣೆ ತೋರ್ಸುದಿಲ್ಲ. ನೀವ್ ಮಾತಾಡುದಾರೆ ಮಾತಾಡಿ” ಎಂದು ಹೇಳಿಬಿಟ್ಟಳು. ಮೂರು ದಿನ ಕರೆ ಬರಲಿಲ್ಲ. ಆಕೆಗೆ ಆ ಮೂರು ದಿನ ಅನ್ನ ಸೇರಲಿಲ್ಲವಂತೆ. ನಾಲ್ಕನೆಯ ದಿನ ಆತ ಮಗಳ ಹೆಸರು ಹೇಳಿ ಕರೆಮಾಡಿದನು. ಮಳೆಗಾಲದಲ್ಲಿ ಊರಿಗೆ ಬಂದಾಗ, ಜಗಲಿಯಲ್ಲಿ ಕುಳಿತು, ತನ್ನೊಡನೆ ಕೆಲಸ ಮಾಡುವವನೊಬ್ಬನ ಸಂಸಾರ ಒಡೆದುಹೋದ ಕಥೆಯನ್ನು ಹೇಳಿದನು. ಆ ಸುದ್ದಿ ಕೇಳಿದ ವಾರದಲ್ಲಿಯೇ ಆಕೆಯ ಫೋನು ಬೇರೊಂದು ಕರೆಯಲ್ಲಿ ಇದ್ದುದು. ಅದನ್ನು ಆತ ಅಷ್ಟು ತಿಂಗಳು ಯಾರಿಗೂ ಹೇಳಿರಲಿಲ್ಲ.

ಈಗ ರಾತ್ರಿಯ ಕರೆಯಿಲ್ಲ. ಹೋಟೆಲಿನ ಬಾಗಿಲು ತೆರೆಯುವ ಮೊದಲು, ಬೆಳಗಿನ ಹೊತ್ತು, ಇಬ್ಬರೂ ಮಾತನಾಡುತ್ತಾರೆ. ಹೆಮ್ಮಾಡಿಯಲ್ಲಿ ಒಂದು ಸಣ್ಣ ಅಂಗಡಿ ಬಾಡಿಗೆಗೆ ಸಿಕ್ಕೀತೇ ಎಂದು ಆತ ವಿಚಾರಿಸುತ್ತಿದ್ದಾನೆ.