ನೊಣ ಕೊಂದ ಪುಡಿಗೆ ನೊಬೆಲ್ ಬಂತು, ಆಮೇಲೆ?

ಹಳ್ಳಿ ಕಡೆ ಹಳೇ ಮಣ್ಣುಗೋಡೆ ಮನೆಗಳಲ್ಲಿ ಬೆಳೆದವರಿಗೆ ನೆನಪಿರುತ್ತೆ. ಬಾಗಿಲ ಪಕ್ಕದ ಗೋಡೆ ಮೇಲೆ 'ಎನ್.ಎಂ.ಇ.ಪಿ.' ಎಂಬ ಅಕ್ಷರ, ಅದರ ಕೆಳಗೊಂದು ತಾರೀಕು. ಮಲೇರಿಯಾ ಇಲಾಖೆಯವರು ಪಂಪು ಹಿಡಿದು ಬಂದು ಡಿಡಿಟಿ ಹೊಡೆದು ಹೋದ ಗುರುತು ಅದು. ಪಾತ್ರೆ ಪಡಗವೆಲ್ಲ ಅಂಗಳಕ್ಕೆ, ಗೋಡೆಯೆಲ್ಲ ಬಿಳಿ ಕಲೆ, ಹೆಂಗಸರ ಗೊಣಗಾಟ ಬೇರೆ. ಆದರೆ ಆ ಪುಡಿಯ ಗುಣ ಮೊದಲು ಕಂಡವನು ಯಾರು ಎಂದು ಕೇಳಿದವರು ಕಡಿಮೆ.

ಆತ ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್. 1899ರಲ್ಲಿ ಓಲ್ಟನ್ ಎಂಬ ಊರಲ್ಲಿ ಹುಟ್ಟಿದವನು. ಓದು ಅರ್ಧಕ್ಕೆ ಬಿಟ್ಟು ಕಾರ್ಖಾನೆಯ ಲ್ಯಾಬೊರೇಟರಿಯಲ್ಲಿ ಸಹಾಯಕನಾಗಿ ದುಡಿದ. ಮತ್ತೆ ಪುಸ್ತಕ ಹಿಡಿದು 1925ರಲ್ಲಿ ಡಾಕ್ಟರೇಟ್ ಪಡೆದ. ಅದೇ ವರ್ಷ ಬಾಸೆಲ್ ನಗರದ ಗೈಗಿ ಕಂಪನಿ ಸೇರಿದ. ಚರ್ಮ ಹದ ಮಾಡುವ ರಾಸಾಯನಿಕ, ಉಣ್ಣೆಗೆ ನುಸಿ ಹತ್ತದ ಮದ್ದು, ಬಿತ್ತನೆ ಬೀಜದ ಔಷಧಿ - ಹೀಗೆ ಹತ್ತು ವರ್ಷ ಕಳೆಯಿತು.

349 ಸಲ ಸೋಲು

1935ರ ಸುಮಾರಿಗೆ ಕೀಟನಾಶಕದ ಹುಡುಕಾಟಕ್ಕೆ ಬಿದ್ದ. ಅವನ ಬೇಡಿಕೆ ಅಂಗಡಿಗೆ ಬಂದ ಚೌಕಾಸಿ ಗಿರಾಕಿಯಂತೆಯೇ ಇತ್ತು. ಹುಳ ಮುಟ್ಟಿದರೆ ಸಾಕು ಸಾಯಬೇಕು. ಮನುಷ್ಯರಿಗೆ, ದನಕರುಗಳಿಗೆ, ಗಿಡಕ್ಕೆ ತೊಂದರೆ ಆಗಬಾರದು. ಅಗ್ಗವಾಗಿರಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಒಮ್ಮೆ ಹೊಡೆದರೆ ಬಹಳ ದಿನ ಬಾಳಬೇಕು.

ಗಾಜಿನ ಪಂಜರದಲ್ಲಿ ನೊಣ ಬಿಟ್ಟು ಒಂದೊಂದೇ ಪುಡಿ ಪರೀಕ್ಷೆ ಮಾಡಿದ. 349 ಪುಡಿ ಕೈಕೊಟ್ಟವು. 1939ರ ಸೆಪ್ಟೆಂಬರಿನಲ್ಲಿ 350ನೆಯದು ಕೆಲಸ ಮಾಡಿತು. ಎಷ್ಟರ ಮಟ್ಟಿಗೆ ಅಂದರೆ, ಪಂಜರ ಚೆನ್ನಾಗಿ ತೊಳೆದು ಹೊಸ ನೊಣ ಬಿಟ್ಟರೂ ಗೋಡೆ ಮುಟ್ಟಿದ್ದೇ ತಡ ಉರುಳಿ ಬೀಳುತ್ತಿದ್ದವು!

ತಮಾಷೆ ಏನೆಂದರೆ, ಇದೇ ವಸ್ತುವನ್ನು 1874ರಲ್ಲೇ ಝೈಡ್ಲರ್ ಎಂಬ ವಿದ್ಯಾರ್ಥಿ ತಯಾರಿಸಿದ್ದ. ಹುಳ ಕೊಲ್ಲುತ್ತದೆಂದು ಅವನಿಗೆ ಗೊತ್ತೇ ಆಗಲಿಲ್ಲ. 65 ವರ್ಷ ಹಾಗೇ ಬಿದ್ದಿತ್ತು.

ಆಗ ಎರಡನೇ ಮಹಾಯುದ್ಧದ ಕಾಲ. 1943-44ರ ಚಳಿಗಾಲದಲ್ಲಿ ಇಟಲಿಯ ನೇಪಲ್ಸ್ ನಗರಕ್ಕೆ ಹೇನಿನಿಂದ ಹರಡುವ ಟೈಫಸ್ ಜ್ವರ ಬಡಿಯಿತು. ಹತ್ತು ಲಕ್ಷಕ್ಕೂ ಮಿಕ್ಕಿ ಜನರ ಬಟ್ಟೆಯೊಳಗೆ ಈ ಪುಡಿ ಊದಿದರು. ರೋಗ ನಿಂತಿತು. 1948ರಲ್ಲಿ ಮುಲ್ಲರನಿಗೆ ವೈದ್ಯಕೀಯ ನೊಬೆಲ್ ಬಂತು. ಆತ ಡಾಕ್ಟರ್ ಅಲ್ಲ, ರಸಾಯನಶಾಸ್ತ್ರದವನು.

ಕಾರವಾರ, ಧಾರವಾಡದ ಗೋಡೆಗಳು

ಈ ಪುಡಿಗೂ ನಮ್ಮ ನಾಡಿಗೂ ಹಳೇ ನಂಟಿದೆ. 1946ರ ಸುಮಾರಿಗೆ, ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕೆನರಾ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಮತ್ತು ಕೀಟತಜ್ಞ ಟಿ. ರಾಮಚಂದ್ರ ರಾವ್ ಮನೆಯೊಳಗಿನ ಗೋಡೆಗೆ ಡಿಡಿಟಿ ಹೊಡೆಸಿದರು. ರಕ್ತ ಹೀರಿದ ಸೊಳ್ಳೆ ಗೋಡೆ ಮೇಲೆ ಕೂತು ಸುಧಾರಿಸಿಕೊಳ್ಳುತ್ತೆ. ಅಲ್ಲೇ ಕಾಲಿಗೆ ವಿಷ ಅಂಟುತ್ತೆ. ಸರಳ ಲೆಕ್ಕ! ಮಲೆಸೀಮೆಯ ಜ್ವರ ಇಳಿಯಿತು. 1953ರಲ್ಲಿ ಇಡೀ ದೇಶಕ್ಕೆ ಕಾರ್ಯಕ್ರಮ ಬಂತು.

ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ, ಎಂಟು ಲಕ್ಷ ಸಾವು ಎಂದು ಅಂದಾಜಿತ್ತು. 1965ರ ಹೊತ್ತಿಗೆ ಅದು ಸುಮಾರು ಒಂದು ಲಕ್ಷ ಪ್ರಕರಣಕ್ಕೆ ಇಳಿದಿತ್ತು. ಅದೇ ವರ್ಷ ಮುಲ್ಲರ್ ತೀರಿಕೊಂಡ.

ಗುಣವೇ ದೋಷ

ಆಮೇಲೆ ಬಂತು ಫಜೀತಿ. ಬಹಳ ದಿನ ಬಾಳಬೇಕು ಎಂದು ಮುಲ್ಲರ್ ಬಯಸಿದ್ದನಲ್ಲ, ಅದೇ ಮುಳುವಾಯಿತು. ಹೊಲಕ್ಕೆ ಸುರಿದ ಡಿಡಿಟಿ ಕರಗಲಿಲ್ಲ. ಹುಳದಿಂದ ಮೀನಿಗೆ, ಮೀನಿನಿಂದ ಹಕ್ಕಿಗೆ ಹೋಗಿ ಕೊಬ್ಬಿನಲ್ಲಿ ಕೂತಿತು. ಹದ್ದುಗಳ ಮೊಟ್ಟೆ ಚಿಪ್ಪು ತೆಳುವಾಗಿ ಕಾವಿಗೆ ಕೂತಾಗಲೇ ಒಡೆದವು. 1962ರಲ್ಲಿ ಅಮೆರಿಕದ ರಾಚೆಲ್ ಕಾರ್ಸನ್ ಡಿಡಿಟಿಯ ಹಾನಿಯನ್ನು ಪುಸ್ತಕದಲ್ಲಿ ಬಯಲಿಗೆಳೆದಳು. 1972ರಲ್ಲಿ ಅಮೆರಿಕ ನಿಷೇಧಿಸಿತು. ಭಾರತ 1989ರಲ್ಲಿ ಬೇಸಾಯಕ್ಕೆ ಬಳಸುವುದನ್ನು ನಿಲ್ಲಿಸಿತು.

ಸೊಳ್ಳೆಗಳೂ ಸುಮ್ಮನಿರಲಿಲ್ಲ. ಸತ್ತವು ಸತ್ತವು, ತಡಕೊಂಡವು ಮರಿ ಮಾಡಿದವು. ಆ ಮರಿಗಳಿಗೆ ಡಿಡಿಟಿ ನಾಟಲಿಲ್ಲ. ರೋಗ ಹೋಯ್ತು ಅಂತ ಇಲಾಖೆಯೂ ಕೈ ಸಡಿಲ ಬಿಟ್ಟಿತ್ತು. 1976ರಲ್ಲಿ ದೇಶದ ಮಲೇರಿಯಾ ಪ್ರಕರಣ 64 ಲಕ್ಷ ದಾಟಿತು.

ಹಾಗಂತ ಮುಲ್ಲರನನ್ನು ಬೈದರೆ ತಪ್ಪಾದೀತು. ಆ ಪುಡಿಯಿಂದ ಬದುಕಿದ ಮಕ್ಕಳಲ್ಲಿ ಎಷ್ಟೋ ಜನ ಇವತ್ತು ಅಜ್ಜ ಅಜ್ಜಿಯರು. ಒಬ್ಬ ಸೊಳ್ಳೆ ಕೂರುವ ಗೋಡೆಗೆ ಅಳೆದು ಹೊಡೆದ, ಇನ್ನೊಬ್ಬ ಹೊಲ ತುಂಬ ಸುರಿದ. ಪುಡಿ ಒಂದೇ. ಇವತ್ತೂ ಗೊಬ್ಬರದಂಗಡಿ ಕಟ್ಟೆ ಮುಂದೆ 'ಸ್ವಾಮಿ, ಎಲ್ಲಕ್ಕಿಂತ ಸ್ಟ್ರಾಂಗ್ ಇರೋದು ಕೊಡಿ' ಎನ್ನುವ ಗಿರಾಕಿ ಇದ್ದೇ ಇದ್ದಾನೆ. ಎಷ್ಟು ಹೊಡೆಯಬೇಕು, ಎಷ್ಟು ದಿನ ಉಳಿಯುತ್ತೆ ಅಂತ ಅವನೂ ಕೇಳಬೇಕು, ಕೊಡುವವನೂ ಹೇಳಬೇಕು.