ಡಿಗ್ರಿ, ಮಣ, ತೊಲ: ಬಾಯಿಲೆಕ್ಕ ತಪ್ಪುವುದೆಲ್ಲಿ?

ನಂಬಿಕೆ: ಸೆಲ್ಸಿಯಸ್ಸನ್ನು ದುಪ್ಪಟ್ಟು ಮಾಡಿ ಮೂವತ್ತು ಕೂಡಿದರೆ ಫ್ಯಾರನ್‌ಹೀಟ್ ಸಿಗುತ್ತದೆ.

ಸತ್ಯ: ಈ ಲೆಕ್ಕ ಕರಾರುವಾಕ್ಕಾಗಿ ಕೂಡಿಬರುವುದು 10 ಡಿಗ್ರಿಯಲ್ಲಿ ಮಾತ್ರ. ಸಹಜ ಮೈಬಿಸಿಯಾದ 37ಕ್ಕೆ ಇದನ್ನೇ ಹಾಕಿದರೆ 104 ಬರುತ್ತದೆ. ನಿಜವಾದ ಉತ್ತರ 98.6. ಚೆನ್ನಾಗಿರುವ ಮಗುವಿಗೆ ಇಲ್ಲದ ಜ್ವರ ಕಾಣಿಸಿ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಬಾಯಲ್ಲೇ ಮಾಡಬಹುದಾದ ಸರಿ ಲೆಕ್ಕವೂ ಇದೆ: ದುಪ್ಪಟ್ಟು ಮಾಡಿ, ಅದರ ಹತ್ತನೇ ಒಂದು ಪಾಲು ಕಳೆದು, 32 ಕೂಡಿ. 37ರ ದುಪ್ಪಟ್ಟು 74, ಅದರಲ್ಲಿ 7.4 ಹೋದರೆ 66.6, ಅದಕ್ಕೆ 32 ಸೇರಿಸಿದರೆ 98.6.

ನಂಬಿಕೆ: ಎಲ್ಲಿ ಬದಲಾಯಿಸಿದರೂ 32 ಕೂಡಲೇಬೇಕು.

ಸತ್ಯ: ಎರಡು ಉಷ್ಣತೆಗಳ ಅಂತರಕ್ಕೆ 32 ಕೂಡಬಾರದು. ಆಂಧ್ರದ ರೊದ್ದಂ ಸೀಮೆಯಲ್ಲಿ ಹಿಂದೂಪುರದ ಮಾರುಕಟ್ಟೆಗೆ ರೇಷ್ಮೆಗೂಡು ಹಾಕುವ ರೈತರಿಗೆ ಇದು ಬಹಳ ಮುಖ್ಯ. ಚಾಕಿ (ಎಳೆಯ) ಹುಳುವಿಗೆ ಸುಮಾರು 28 ಡಿಗ್ರಿ ಸೆಲ್ಸಿಯಸ್ ಬೇಕು, ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳುವಿಗೆ 24ರ ಆಸುಪಾಸು. ಹುಳುಮನೆಯ ಥರ್ಮಾಮೀಟರು ಫ್ಯಾರನ್‌ಹೀಟಿನದಾದರೆ ಅವು 82.4 ಮತ್ತು 75.2. ನಡುವಿನ ಅಂತರ 4 ಡಿಗ್ರಿ ಸೆಲ್ಸಿಯಸ್, ಅಂದರೆ 7.2 ಡಿಗ್ರಿ ಫ್ಯಾರನ್‌ಹೀಟ್, 39.2 ಖಂಡಿತ ಅಲ್ಲ. 32 ಎನ್ನುವುದು ನೀರು ಹೆಪ್ಪುಗಟ್ಟುವ ಗುರುತು. ಅಂತರದ ಲೆಕ್ಕದಲ್ಲಿ ಅದು ಎರಡೂ ಕಡೆ ಇದ್ದು ವಜಾ ಆಗುತ್ತದೆ.

ನಂಬಿಕೆ: ಮಣ ಎಂದರೆ ಎಲ್ಲ ಕಡೆ ಒಂದೇ ತೂಕ.

ಸತ್ಯ: ಹಿಂದೆ ರೈಲ್ವೆಯ ಮಣ 40 ಪಕ್ಕಾ ಸೇರು ಇತ್ತು. ಪಕ್ಕಾ ಸೇರು 80 ತೊಲ, 933 ಗ್ರಾಂ. ಹಾಗಾಗಿ ಮಣಕ್ಕೆ 37.3 ಕಿಲೋ. ಮದ್ರಾಸ್ ಪ್ರಾಂತ್ಯದ ಮಣ 8 ವೀಸೆ, ವೀಸೆಗೆ 120 ತೊಲ. ಮೈಸೂರಿನ ಕಚ್ಚಾ ಸೇರು 24 ತೊಲ, ಅಂಥ 40 ಸೇರಿಗೆ ಒಂದು ಮಣ. ಇವೆರಡೂ ಸುಮಾರು 11.2 ಕಿಲೋ. ರೊದ್ದಂ ಮದ್ರಾಸಿಗೂ ಪಕ್ಕದ ಪಾವಗಡ ಮೈಸೂರಿಗೂ ಸೇರಿದ್ದರೂ ಬೆಲ್ಲದ ಮಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಹಳೆಯ ಕಡತದಲ್ಲಿ ‘ಹತ್ತು ಮಣ’ ಕಂಡರೆ ಯಾವ ಮಣ ಎಂದು ತಿಳಿಯದೆ ಕಿಲೋಗೆ ಇಳಿಸಬಾರದು, ಮೂರು ಪಟ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದುಬಿಡುತ್ತದೆ. ಈ ಗೊಂದಲ ನೀಗಲೆಂದೇ 1956ರ ತೂಕ ಮತ್ತು ಅಳತೆಗಳ ಕಾಯ್ದೆ ಬಂತು. 1958ರ ಅಕ್ಟೋಬರಿನಿಂದ ಕಿಲೋಗ್ರಾಂ ಹಂತಹಂತವಾಗಿ ಜಾರಿಯಾಯಿತು.

ಇನ್ನು ತೊಲ. ಹತ್ತು ಗ್ರಾಮಿಗೆ ತೊಲ ಎನ್ನುವುದು ಈಗಿನ ಅಂಗಡಿಯ ರೂಢಿ, ಹಳೆಯ ತೊಲ 11.66 ಗ್ರಾಂ. ಅಜ್ಜಿಯ ಐದು ತೊಲದ ಸರವನ್ನು 50 ಗ್ರಾಂ ಎಂದು ಬರೆದುಕೊಂಡರೆ ಎಂಟು ಗ್ರಾಮಿಗೂ ಮಿಕ್ಕಿದ ಬಂಗಾರ ಲೆಕ್ಕದಿಂದ ಬಿಟ್ಟುಹೋಗುತ್ತದೆ. ತಕ್ಕಡಿಗೆ ಇಟ್ಟು ಗ್ರಾಮಿನಲ್ಲೇ ಬರೆಸಿಕೊಳ್ಳಿ.